ಅಳಗುಳಿಮಣೆಯ ಮೇಲೆ ಮಂಗಳವಾಸ

ಒಂಬತ್ತನೇ ತರಗತಿಗೆ ಮಂಗಳ ಗ್ರಹದಲ್ಲಿ ನೆಲೆಸುವ ಆಟ ಆಡಿಸಬೇಕೆಂದು ಹೊರಟಾಗ ಮೊದಲು ನೋಡಿದ್ದು ಕಂಪ್ಯೂಟರ್ ಆಟಗಳನ್ನು. 1990ರ ಸಿಮ್‌ಅರ್ತ್‌ನಿಂದ 2018ರ ಸರ್ವೈವಿಂಗ್ ಮಾರ್ಸ್‌ವರೆಗೆ ಇಂಥವು ಬೇಕಾದಷ್ಟಿವೆ, ನೋಡಲು ಚೆಂದವಾಗಿಯೂ ಇವೆ. ಆದರೆ ಲೆಕ್ಕವನ್ನೆಲ್ಲ ಯಂತ್ರವೇ ಹಾಕಿಕೊಂಡುಬಿಡುತ್ತದೆ. ವಿಜ್ಞಾನದ ಮೇಷ್ಟರಾದ ನನಗೆ ಬೇಕಾಗಿದ್ದದ್ದೇ ಆ ಲೆಕ್ಕ. ಹಾಗಾಗಿ ಅಳಗುಳಿಮಣೆ ತರಿಸಿದೆ.

ತಂಡಕ್ಕೊಂದು ಮಣೆ, ಆರು ಮಂದಿ ನಿವಾಸಿಗಳು. ಆಮ್ಲಜನಕ, ನೀರು, ಆಹಾರ, ವಿದ್ಯುತ್ತು, ಬಿಡಿಭಾಗ ಎಂದು ಒಂದೊಂದಕ್ಕೆ ಒಂದೊಂದು ಗುಳಿ; ಒಳಗೆ ಹುಣಸೆ ಬೀಜ. ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಆರು ಮಂದಿಗೆ ಎರಡು ತಿಂಗಳಿಗೆ ಹತ್ತಿರಹತ್ತಿರ 300 ಕಿಲೋ. ಎರಡು ತಿಂಗಳನ್ನು ಒಂದು ಸುತ್ತೆಂದೂ 100 ಕಿಲೋವನ್ನು ಒಂದು ಬೀಜವೆಂದೂ ಇಟ್ಟರೆ, ಸುತ್ತಿಗೆ ಮೂರು ಬೀಜ ಗುಳಿಯಿಂದ ಎದ್ದುಹೋಗಬೇಕು. ಎತ್ತುವ ಕೈ ಮಕ್ಕಳದೇ.

ಅಲ್ಲಿನ ಗಾಳಿಯಲ್ಲಿ 95 ಶೇಕಡಾ ಇಂಗಾಲದ ಡೈಆಕ್ಸೈಡ್, ಅದರಿಂದ ಆಮ್ಲಜನಕ ತೆಗೆಯಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತೆಗೆಯಬಹುದು. ನಾಸಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಉಪಕರಣ 2021ರಿಂದ 2023ರವರೆಗೆ ಹಾಗೆ ತೆಗೆದದ್ದು ಒಟ್ಟು 122 ಗ್ರಾಂ. ಅದು ಒಬ್ಬರಿಗೆ ಎಷ್ಟು ಹೊತ್ತಿಗೆ ಸಾಕೆಂದು ಕಪ್ಪು ಹಲಗೆಯ ಮೇಲೆ ಭಾಗಿಸಲು ಹೇಳುತ್ತೇನೆ. ಮೂರೂವರೆ ಗಂಟೆ! ಆಮೇಲೆ ಯಂತ್ರ ಎಷ್ಟು ದೊಡ್ಡದಿರಬೇಕು, ಅದಕ್ಕೆ ವಿದ್ಯುತ್ತು ಎಲ್ಲಿಂದ ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ.

ಆಟಕ್ಕೆ ಜೀವ ಬರುವುದು ಒಂದೇ ನಿಯಮದಿಂದ: ಭೂಮಿಯಿಂದ ನೌಕೆ ಬರುವುದು 26 ತಿಂಗಳಿಗೊಮ್ಮೆ, ಅಂದರೆ ಹದಿಮೂರು ಸುತ್ತಿಗೊಮ್ಮೆ. ಎರಡೂ ಗ್ರಹಗಳು ಪ್ರಯಾಣಕ್ಕೆ ಅನುಕೂಲವಾದ ಸ್ಥಾನಕ್ಕೆ ಬರುವುದೇ ಅಷ್ಟು ಕಾಲಕ್ಕೊಮ್ಮೆ. ನಮ್ಮ ಮಂಗಳಯಾನ 2013ರ ನವೆಂಬರ್‌ನಲ್ಲಿ ಹೊರಟದ್ದೂ ಅಂಥದೇ ಅವಕಾಶ ನೋಡಿಕೊಂಡು. ಈ ನಿಯಮ ಸಡಿಲಿಸಿ ಎಂದು ಗೋಗರೆಯುತ್ತಾರೆ, ಸಡಿಲಿಸುವುದಿಲ್ಲ. ಬೇಡಿಕೆಪಟ್ಟಿಯಲ್ಲಿ ಬಿಡಿಭಾಗ ಹೊಡೆದುಹಾಕಿ ಇನ್ನಷ್ಟು ಆಹಾರ ಬರೆದ ತಂಡಕ್ಕೆ, ನೀರು ಶುದ್ಧೀಕರಿಸುವ ಯಂತ್ರ ಕೆಟ್ಟ ದಿನ ನಾನೇನೂ ವಿವರಿಸಬೇಕಾಗುವುದಿಲ್ಲ.

ಪ್ರತಿ ಸುತ್ತಿಗೂ ನಾಲ್ಕು ಕವಡೆ ಹಾಕಬೇಕು. ನಾಲ್ಕೂ ಬೋರಲು ಬಿದ್ದರೆ ಧೂಳಿನ ಬಿರುಗಾಳಿ, ಸೌರವಿದ್ಯುತ್ತು ಅರ್ಧಕ್ಕಿಳಿಯುತ್ತದೆ. ಇದು ಉದಾರ ನಿಯಮವೇ. ಸೌರವಿದ್ಯುತ್ತನ್ನೇ ನಂಬಿದ್ದ ನಾಸಾದ ಆಪರ್ಚುನಿಟಿ ರೋವರ್ 2018ರ ಬಿರುಗಾಳಿಯ ನಂತರ ಮತ್ತೆ ಏಳಲೇ ಇಲ್ಲ. ಅಷ್ಟು ಗಾಳಿಯಿದ್ದರೆ ಗಾಳಿಯಂತ್ರ ಹಾಕೋಣ ಎನ್ನುತ್ತಾರೆ. ಅಲ್ಲಿನ ವಾಯುಭಾರ ಇಲ್ಲಿನ ನೂರರಲ್ಲೊಂದು ಪಾಲೂ ಇಲ್ಲ ಎಂಬ ಪಾಠ ಆಗ ಮಾಡಿದರೆ ಕಿವಿಗೊಡುತ್ತಾರೆ.

ನನಗೆ ಬಹಳ ಇಷ್ಟವಾದದ್ದು ಬೇಸಾಯದ ಚೀಟಿ. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷಲವಣವಿದೆಯೆಂದು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಕೊಂಡಿತು. ಬಿತ್ತುವ ಮುನ್ನ ಮಣ್ಣು ತೊಳೆಯಬೇಕು, ನೀರಿನ ಗುಳಿಯಿಂದ ಎರಡು ಬೀಜ ಹೋಗುತ್ತದೆ. ಒಮ್ಮೆ ಒಬ್ಬ ಹುಡುಗಿ ಬೀಜ ಎತ್ತದೆ ಕೈ ಹಿಡಿದುಕೊಂಡು ಕೇಳಿದಳು: “ಸರ್, ತೊಳೆದ ನೀರನ್ನು ಎಲ್ಲಿಗೆ ಬಿಡುವುದು?” ಟ್ಯಾಂಕರ್ ನೀರಿಗೆ ಕಾಯುವ ಊರಿನ ಮಗುವಿಗೆ ಬರುವ ಪ್ರಶ್ನೆ ಅದು. ನೀರು ಮರುಬಳಕೆಯ ನಿಯಮ ಅವಳಿಂದಲೇ ಸೇರಿತು. ಬಾಹ್ಯಾಕಾಶ ನಿಲ್ದಾಣದಲ್ಲಿ 98 ಶೇಕಡಾ ನೀರನ್ನು ಮರಳಿ ಪಡೆಯುತ್ತಾರೆಂದು ಹೇಳಿದಾಗ, ಆ 98ರಲ್ಲಿ ಮೂತ್ರವೂ ಸೇರಿದೆಯೆಂದು ತಿಳಿದು ತರಗತಿ ಮುಖ ಸಿಂಡರಿಸಿತು, ಆದರೂ ನಿಯಮ ಪಾಸಾಯಿತು.

ಅಂಕ ಕೊಡುವುದು ಬದುಕುಳಿದ ತಂಡಕ್ಕಲ್ಲ, ಲೆಕ್ಕದ ಪುಸ್ತಕಕ್ಕೆ. ಒಂದೇ ಪೀರಿಯಡ್‌ನಲ್ಲಿ ಮುಗಿಯದು. ಎರಡು ಪೀರಿಯಡ್ ಒಟ್ಟಿಗೆ ಸಿಗುವ ದಿನ ನೋಡಿ ಆಡಿಸಿ. ಗಣಿತದ ಮೇಷ್ಟರನ್ನು ಒಪ್ಪಿಸಿಕೊಂಡರೆ ಅದೂ ಕಷ್ಟವಲ್ಲ.