ಎಎಂಪಿಕೆ ಬ್ಲಾಟ್: ಕಂಟ್ರೋಲ್‌ನಲ್ಲೇ ಬ್ಯಾಂಡ್ ಬಂದರೆ

ಜೀವಕೋಶದಲ್ಲಿ ಶಕ್ತಿಯ ಅಣುವಾದ ಎಟಿಪಿ ಸ್ವಲ್ಪ ಕುಸಿದರೂ, ಅದು ಖರ್ಚಾದಾಗ ಉಳಿಯುವ ಎಎಂಪಿ ಹಲವು ಪಟ್ಟು ಏರುತ್ತದೆ. ಆ ಎಎಂಪಿ, ಶಕ್ತಿಯ ಕೊರತೆಯನ್ನು ಗುರುತಿಸುವ ಕಿಣ್ವವಾದ ಎಎಂಪಿಕೆಯ ಗಾಮಾ ಉಪಘಟಕಕ್ಕೆ ಅಂಟಿದಾಗ ಎಲ್‌ಕೆಬಿ1 ಎಂಬ ಕಿಣ್ವ ಆಲ್ಫಾ ಉಪಘಟಕದ ಥ್ರಿಯೊನಿನ್ 172ಕ್ಕೆ (172ನೇ ಸ್ಥಾನದ ಅಮೈನೋ ಆಮ್ಲಕ್ಕೆ) ಫಾಸ್ಫೇಟ್ ಸೇರಿಸಿ ಎಎಂಪಿಕೆಯನ್ನು ಎಬ್ಬಿಸುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಬ್ಯಾಂಡ್ ಆಗಿ ಗುರುತಿಸುವ ವಿಧಾನ) ನಾವು ಹುಡುಕುವುದು ಈ ಫಾಸ್ಫೇಟನ್ನೇ. ಇಷ್ಟು ಸೂಕ್ಷ್ಮ ಕಿಣ್ವಕ್ಕೆ ನಮ್ಮ ಕೈ ನಿಧಾನವಾದರೂ ಗೊತ್ತಾಗುತ್ತದೆ. ಕಂಟ್ರೋಲ್‌ನಲ್ಲೂ, ಅಂದರೆ ಹಸಿವಿಗೆ ಒಡ್ಡದ ಕೋಶಗಳಲ್ಲೂ, ದಪ್ಪ ಬ್ಯಾಂಡ್ ಬಂದರೆ ನಾನು ಮೊದಲು ಅನುಮಾನಿಸುವುದು ಕೋಶಗಳನ್ನು ಒಡೆದ ರೀತಿಯನ್ನು, ಆಂಟಿಬಾಡಿಯನ್ನಲ್ಲ.

ನಾನು ಬಳಸುವುದು ಎಚ್‌ಇಕೆ 293 ಎಂಬ ಮಾನವ ಕೋಶಗಳನ್ನು. ಹೀಲಾ ಎಂಬ ಇನ್ನೊಂದು ಬಗೆಯ ಕೋಶಗಳಲ್ಲಿ ಎಲ್‌ಕೆಬಿ1 ಇಲ್ಲ. ಅಲ್ಲಿ ಹಸಿವಿನ ಉತ್ತರ ಸರಿಯಾಗಿ ಸಿಗುವುದಿಲ್ಲ. ಶೇ. 70ರಷ್ಟು ತುಂಬಿದ ಪ್ಲೇಟ್ ಸಾಕು. ಮೀಡಿಯಂ (ಕೋಶಗಳ ಪೋಷಕ ದ್ರವ) ಹಳದಿಗೆ ತಿರುಗಿದ್ದರೆ ಕೋಶಗಳು ಆಗಲೇ ಸೊರಗಿವೆ ಎಂದರ್ಥ, ಆ ಪ್ಲೇಟ್ ಬೇಡ. ಪ್ರಯೋಗಕ್ಕೆ ಎರಡು ಗಂಟೆ ಮೊದಲು ಎಲ್ಲ ಪ್ಲೇಟ್‌ಗಳಿಗೂ ಹೊಸ ಮೀಡಿಯಂ ಹಾಕುತ್ತೇನೆ. ಪಾಸಿಟಿವ್ ಕಂಟ್ರೋಲ್‌ಗೆ ಗ್ಲುಕೋಸ್ ಇಲ್ಲದ ಮೀಡಿಯಂನಲ್ಲಿ 25 ಮಿಲಿಮೋಲಾರ್ 2-ಡಿಆಕ್ಸಿಗ್ಲುಕೋಸ್ (ಗ್ಲುಕೋಸ್ ಬಳಕೆಯನ್ನು ತಡೆಯುವ ವಸ್ತು), 30 ನಿಮಿಷ. ಸೀರಂನಲ್ಲೂ ಗ್ಲುಕೋಸ್ ಇರುತ್ತದೆ, ಆದ್ದರಿಂದ ಡಯಲೈಸ್ ಮಾಡಿದ (ಸಣ್ಣ ಅಣುಗಳನ್ನು ಸೋಸಿ ತೆಗೆದ) ಸೀರಂ ಬೇಕು.

ಇಡೀ ಫಲಿತಾಂಶ ನಿಂತಿರುವುದು ಮುಂದಿನ ಅರೆ ನಿಮಿಷದ ಮೇಲೆ. ಟ್ರಿಪ್ಸಿನ್ ಕಿಣ್ವ ಹಾಕಿ ಕೋಶಗಳನ್ನು ಪ್ಲೇಟ್‌ನಿಂದ ಎಬ್ಬಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಿದರೆ ಆ ಹೊತ್ತಿಗೆ ಕೋಶಗಳ ಶಕ್ತಿ ಉಡುಗಿ ಎಎಂಪಿಕೆ ತಾನಾಗಿಯೇ ಎದ್ದಿರುತ್ತದೆ. ಒಂದು ಸಲಕ್ಕೆ ಒಂದೇ ಪ್ಲೇಟ್ ಹೊರತೆಗೆಯಿರಿ. ಮೀಡಿಯಂ ಎಳೆದು, ಐಸ್ ಮೇಲಿಟ್ಟು, ತಣ್ಣನೆಯ ಲೈಸಿಸ್ ಬಫರನ್ನು (ಕೋಶ ಒಡೆಯುವ ದ್ರಾವಣ) ನೇರವಾಗಿ ಸುರಿದು ಕೆರೆಯಿರಿ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆಯಲೇಬೇಕೆಂದರೆ ಅದೂ ಐಸ್‌ನಷ್ಟು ತಣ್ಣಗಿರಲಿ, ಒಂದೇ ಸಲ ಸಾಕು. ಈ ಕೋಶಗಳು ಬೇಗ ಕಿತ್ತು ಬರುತ್ತವೆ.

ಬಫರ್: 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.5), 150 ಸೋಡಿಯಂ ಕ್ಲೋರೈಡ್, ಶೇ. 1 ಟ್ರೈಟಾನ್, 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 5 ಸೋಡಿಯಂ ಪೈರೋಫಾಸ್ಫೇಟ್, 1 ಇಡಿಟಿಎ, ಜೊತೆಗೆ ಪ್ರೋಟಿಯೇಸ್ ತಡೆಗಳು. ವನಾಡೇಟ್ ಒಂದನ್ನೇ ನಂಬಬೇಡಿ, ಅದು ತಡೆಯುವುದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸ್‌ಗಳನ್ನು, ಅಂದರೆ ಟೈರೋಸಿನ್ ಮೇಲಿನ ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳನ್ನು. ಥ್ರಿಯೊನಿನ್ ಮೇಲಿನ ಫಾಸ್ಫೇಟ್ ಉಳಿಸುವುದು ಫ್ಲೋರೈಡ್, ಪೈರೋಫಾಸ್ಫೇಟ್.

ಬ್ಲಾಕಿಂಗ್‌ಗೆ (ಆಂಟಿಬಾಡಿ ಪೊರೆಗೆ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು) ಟಿಬಿಎಸ್‌ಟಿ ಎಂಬ ಬಫರ್‌ನಲ್ಲಿ ಶೇ. 5 ಬಿಎಸ್‌ಎ (ಹಸುವಿನ ಸೀರಂನ ಪ್ರೋಟೀನ್). ಹಾಲಿನ ಪುಡಿಯ ಕೇಸೀನ್ ಸ್ವತಃ ಫಾಸ್ಫೋಪ್ರೋಟೀನ್ ಆದ್ದರಿಂದ ಹಿನ್ನೆಲೆ ಕಪ್ಪಾಗುವ ಅಪಾಯವಿದೆ. ಎಎಂಪಿಕೆ ಆಲ್ಫಾ ಸುಮಾರು 62 ಕಿಲೋಡಾಲ್ಟನ್ ಬಳಿ ಕಾಣುತ್ತದೆ. ಒಟ್ಟು ಎಎಂಪಿಕೆಯನ್ನೂ ಅದೇ ಸ್ಯಾಂಪಲ್‌ಗಳಲ್ಲಿ ನೋಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಕಿಣ್ವ ನಿಜಕ್ಕೂ ಕೆಲಸ ಮಾಡಿದೆಯೇ ಎಂಬುದಕ್ಕೆ, ಎಎಂಪಿಕೆಯೇ ಫಾಸ್ಫೇಟ್ ಸೇರಿಸುವ ಎಸಿಸಿ ಎಂಬ ಕಿಣ್ವದ ಸೆರೀನ್ 79 ಒಳ್ಳೆಯ ಸಾಕ್ಷಿ. ಎಸಿಸಿ 265ರಿಂದ 280 ಕಿಲೋಡಾಲ್ಟನ್‌ನ ಭಾರೀ ಪ್ರೋಟೀನ್. ಅದಕ್ಕೆ ಶೇ. 6ರ ಜೆಲ್, ರಾತ್ರಿಯಿಡೀ 30 ವೋಲ್ಟ್‌ನಲ್ಲಿ ಕೋಲ್ಡ್ ರೂಮಿನಲ್ಲಿ ವೆಟ್ ಟ್ರಾನ್ಸ್‌ಫರ್. ಅವಸರ ಮಾಡಿದರೆ ಅದು ಜೆಲ್‌ನಲ್ಲೇ ಉಳಿದುಬಿಡುತ್ತದೆ.