ಗಾಯಗೊಂಡ ಮಾಜಿ ಸೈನಿಕರು ಪ್ಯಾರಾ ಸ್ಪೋರ್ಟ್ಸ್ ಶುರು ಮಾಡೋದು ಹೇಗೆ

ಕಾಲು ಹೋಗಿದ್ರೂ, ಬೆನ್ನುಹುರಿಗೆ ಪೆಟ್ಟು ಬಿದ್ದು ವೀಲ್‌ಚೇರ್‌ಗೆ ಬಂದಿದ್ರೂ, ಗಾಯದ ಜೊತೆ ಸೈನಿಕ ಕಳ್ಕೊಳ್ಳೋ ಇನ್ನೊಂದು ದೊಡ್ಡ ವಿಷಯ ಅಂದ್ರೆ ಅವನ ತುಕಡಿ. ಬೆಳಗ್ಗೆ ಎಬ್ಬಿಸೋರಿಲ್ಲ, ಲೇಟಾದ್ರೆ ಬೈಯೋರಿಲ್ಲ, ಮನೇಲಿ ಎಲ್ಲರೂ ಪೇಷಂಟ್ ಥರ ನೋಡ್ತಾರೆ. ಅದಕ್ಕೇ ಫಿಸಿಯೋಥೆರಪಿ ಮುಗೀತಿದ್ದ ಹಾಗೆ ಒಂದು ಪ್ಯಾರಾ ಸ್ಪೋರ್ಟ್, ಅಂದ್ರೆ ಅಂಗವೈಕಲ್ಯ ಇರೋರು ಆಡೋ ಆಟ, ಹಿಡೀರಿ ಅಂತ ನಾನು ಹೇಳೋದು, ಅದೂ ಆದಷ್ಟು ಟೀಮ್ ಜೊತೆ ಪ್ರಾಕ್ಟೀಸ್ ಮಾಡೋ ಆಟ.

ಇದೇನು ಹೊಸ ಐಡಿಯಾ ಅಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ ಡಾಕ್ಟರ್ ಲುಡ್ವಿಗ್ ಗಟ್‌ಮನ್ ಆಟಾನೇ ಚಿಕಿತ್ಸೆ ಮಾಡಿದ್ರು, 1948ರ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಅಲ್ಲಿ 16 ಜನ ಗಾಯಾಳು ಯೋಧರು ವೀಲ್‌ಚೇರಲ್ಲಿ ಕೂತು ಬಾಣ ಬಿಟ್ರು, ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯ್ತು.

ಮೊದಲು ಆಟ ಆರಿಸ್ಕೊಳ್ಳೋದು. ಹಿಂದೆ ಆಡ್ತಿದ್ದ ಆಟಾನೇ ಆಗ್ಬೇಕು ಅಂತ ಹಠ ಬೇಡ. ಮುರಳಿಕಾಂತ್ ಪೇಟ್ಕರ್ ಸೇನೇಲಿ ಬಾಕ್ಸರ್ ಆಗಿದ್ರು, 1965ರ ಯುದ್ಧದಲ್ಲಿ ಗುಂಡೇಟು ಬಿದ್ಮೇಲೆ ಈಜಿಗೆ ಬಂದು 1972ರಲ್ಲಿ ಹೈಡೆಲ್ಬರ್ಗ್ ಪ್ಯಾರಾಲಿಂಪಿಕ್ಸಲ್ಲಿ ಚಿನ್ನ ಗೆದ್ರು. ನೀರಲ್ಲಿ ಮೈ ಹಗುರ ಆಗತ್ತೆ, ಹಾಗಾಗಿ ಶುರು ಮಾಡೋಕೆ ಈಜು ಬಹಳ ಒಳ್ಳೇದು, ಆದ್ರೆ ತೆರೆದ ಗಾಯ ಇದ್ರೆ ಪೂಲ್‌ಗೆ ಇಳೀಬೇಡಿ. ಕಾಲು ಕಳ್ಕೊಂಡೋರಿಗೆ ಸಿಟ್ಟಿಂಗ್ ವಾಲಿಬಾಲ್ ಚೆನ್ನಾಗಿ ಹೊಂದತ್ತೆ, ಕೃತಕ ಕಾಲು ತೆಗೆದಿಟ್ಟು ನೆಲದ ಮೇಲೆ ಕೂತೇ ಆಡೋದು. ನಿದ್ದೆ ಬರ್ದೇ ಇರೋದು, ಹಳೇ ಘಟನೆಗಳು ಕಣ್ಮುಂದೆ ಬರೋದು, ಸದ್ದಿಗೆ ಬೆಚ್ಚಿಬೀಳೋದು ಇದ್ರೆ ಶೂಟಿಂಗ್‌ಗಿಂತ ಬಿಲ್ಲುಗಾರಿಕೆ ವಾಸಿ, ರನ್ನಿಂಗ್ ಟ್ರ್ಯಾಕಲ್ಲಿ ಸ್ಟಾರ್ಟಿಂಗ್ ಗನ್ ಹಾರಿಸ್ತಾರೆ ಅನ್ನೋದೂ ನೆನಪಿರ್ಲಿ, ಕೋಚ್‌ಗೆ ಮುಂಚೇನೇ ಹೇಳಿಬಿಡಿ, ಇದ್ರಲ್ಲಿ ನಾಚಿಕೆ ಏನಿಲ್ಲ. ಮತ್ತೆ ಕೌನ್ಸೆಲಿಂಗ್ ನಡೀತಿದ್ರೆ ಆಟ ಸಿಕ್ತು ಅಂತ ಅದನ್ನ ಬಿಡಬೇಡಿ.

ಈಗ ಮೈ ವಿಷಯ, ಇಲ್ಲಿ ದಯವಿಟ್ಟು ಅವಸರ ಬೇಡ. ಸ್ಪರ್ಶ ಗೊತ್ತಾಗ್ದೇ ಇರೋ ಕಡೆ ಚರ್ಮ ಉಜ್ಜಿದ್ರೂ ನೋವಾಗಲ್ಲ, ಹಾಗಾಗಿ ಪ್ರತಿ ಪ್ರಾಕ್ಟೀಸ್ ಆದ್ಮೇಲೆ ಕನ್ನಡಿ ಹಿಡಿದು ಕೂರೋ ಜಾಗ, ಹಿಮ್ಮಡಿ, ಕತ್ತರಿಸಿದ ಕಾಲಿನ ತುದಿ ನೋಡಿ, ಕೆಂಪಾಗಿದ್ದು ಮಾಯದೇ ಇದ್ರೆ ಅದು ಮಾಯೋವರೆಗೂ ಆ ಜಾಗಕ್ಕೆ ಭಾರ ಹಾಕೋ ಆಟ ಬಂದ್. ಬೆನ್ನುಹುರಿ ಪೆಟ್ಟು ಎದೆ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ರೆ ಮೈ ಸರಿಯಾಗಿ ಬೆವರಲ್ಲ, ಬಿಸಿಲಲ್ಲಿ ಬೇಗ ಕಾದುಬಿಡತ್ತೆ, ನೀರಿನ ಸ್ಪ್ರೇ ಜೊತೇಲಿರ್ಲಿ. ಅಂಥೋರಿಗೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿದು ಮುಖ ಕೆಂಪಾದ್ರೆ ಬಿಪಿ ಏರಿದೆ ಅಂತ ಅನುಮಾನ ಪಡ್ಬೇಕು, ನೆಟ್ಟಗೆ ಕೂರಿಸಿ, ಸ್ಟ್ರಾಪ್ ಬಟ್ಟೆ ಸಡಿಲ ಮಾಡಿ, ಮೂತ್ರದ ಪೈಪ್ ಮಡಚಿಕೊಂಡಿದ್ಯಾ ನೋಡಿ, ಕಮ್ಮಿ ಆಗ್ಲಿಲ್ಲಾಂದ್ರೆ ತಕ್ಷಣ ಆಸ್ಪತ್ರೆ. ಇದನ್ನ ಟೀಮಲ್ಲಿ ಎಲ್ಲರಿಗೂ ಹೇಳ್ಕೊಟ್ಟಿರಿ.

ಸ್ಪೋರ್ಟ್ಸ್ ವೀಲ್‌ಚೇರ್ ಮೊದಲ ದಿನಾನೇ ಕೊಳ್ಳೋಕೆ ಹೋಗ್ಬೇಡಿ, ಅದು ಅಳತೆಗೆ ಮಾಡಿಸೋ ವಸ್ತು. ಕ್ಲಬ್‌ದು ತಗೊಂಡು ಕೆಲವು ತಿಂಗಳು ಆಡಿ, ಆಟ ನಿಮಗೆ ಹಿಡಿಸ್ತಾ ನೋಡಿ. ಭುಜ ಕಾಪಾಡ್ಕೊಳ್ಳಿ, ದಿನವಿಡೀ ಚಕ್ರ ತಳ್ಳೋದೂ ಅದೇ ಭುಜಾನೇ.

ಸ್ಪರ್ಧೆಗೆ ಇಳಿಯೋ ಮನಸ್ಸಾದ್ರೆ ಕ್ಲಾಸಿಫಿಕೇಶನ್ ಮಾಡಿಸ್ಬೇಕು, ಅಂದ್ರೆ ದೇಹ ಎಷ್ಟು ಕೆಲಸ ಮಾಡತ್ತೆ ಅಂತ ಪರೀಕ್ಷೆ ಮಾಡಿ ಸರಿಯಾದ ಗುಂಪಿಗೆ ಹಾಕ್ತಾರೆ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಒಂದು ಫೈಲಲ್ಲಿ ಈಗ್ಲೇ ಸೇರಿಸಿಡಿ.