ಹನ್ನೆರಡು ಗಂಟೆಯ ಲೆಕ್ಕ: ಹ್ಯೂಮ್ ಹೈವೇಯಲ್ಲಿ ನನ್ನ ವರ್ಕ್ ಡೈರಿ

ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು, ಮುಂಬೈ ಕಡೆಗೆ. ನಿದ್ದೆ ತಡೆಯಲು ಅವರಿಗಿದ್ದ ವ್ಯವಸ್ಥೆ ಒಂದೇ, ಪಕ್ಕದಲ್ಲಿ ಕೂತು ಮಾತಾಡಿಸುವ ಕ್ಲೀನರ್ ಹುಡುಗ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿತ್ತು. ಅಪ್ಪ ಅದನ್ನು ಕೇಳಿಯೇ ಇರಲಿಲ್ಲ. ನಾನು ಮೆಲ್ಬರ್ನ್‌ನಲ್ಲಿ ಟ್ರಕ್ ಹತ್ತಿದ ಮೇಲೆ ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅವರಿಗೆ ವರ್ಕ್ ಡೈರಿ, ಅಂದರೆ ಕೆಲಸ ಮತ್ತು ವಿಶ್ರಾಂತಿಯ ಸಮಯ ಬರೆದಿಡುವ ಪುಸ್ತಕ, ತೋರಿಸಿದೆ. "ಮಲಗಿದ್ದನ್ನೂ ಬರೀಬೇಕೇನೋ?" ಅಂದರು. "ಹೂಂ ಅಪ್ಪಾ, ಇಲ್ಲಿ ಮೊದಲು ಅದನ್ನೇ ನೋಡೋದು" ಅಂದೆ.

ನಾನು ಓಡಿಸುವುದು ಬಿ-ಡಬಲ್. ಮುಂದೆ ಎಳೆಯುವ ಎಂಜಿನ್ ಗಾಡಿ (ಪ್ರೈಮ್ ಮೂವರ್), ಹಿಂದೆ ಎರಡು ಟ್ರೇಲರ್. ಮೆಲ್ಬರ್ನ್‌ನ ಪಶ್ಚಿಮದ ಗೋದಾಮುಗಳಿಂದ ಸಿಡ್ನಿಗೆ, ಹ್ಯೂಮ್ ಹೈವೇಯಲ್ಲಿ ಸುಮಾರು 880 ಕಿಲೋಮೀಟರ್, ಹೆಚ್ಚಾಗಿ ರಾತ್ರಿ. ಈಗೀಗ ನಮ್ಮ ಕಡೆಯ ಹುಡುಗರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರು ನನ್ನನ್ನು ಕೇಳುವುದು ಗೇರು, ರಿವರ್ಸ್ ಬಗ್ಗೆ ಅಲ್ಲ, ಡೈರಿ ಬಗ್ಗೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

12 ಟನ್ನಿಗಿಂತ ಜಾಸ್ತಿ ತೂಕದ ಗಾಡಿ ಓಡಿಸುವವರು ತಮ್ಮ ಬೇಸ್‌ನಿಂದ (ಮಾಮೂಲಾಗಿ ಕೆಲಸಕ್ಕೆ ಹೊರಡುವ ಜಾಗ) 100 ಕಿಲೋಮೀಟರ್ ಆಚೆ ಹೋದರೆ ಡೈರಿ ಕಡ್ಡಾಯ. ಹಿಂದಿನ 28 ದಿನದ ದಾಖಲೆ ಯಾವಾಗಲೂ ಕೈಯಲ್ಲಿರಬೇಕು. ಇದು ಎನ್‌ಎಚ್‌ವಿಆರ್, ಅಂದರೆ ಭಾರೀ ವಾಹನಗಳ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ, ನೋಡಿಕೊಳ್ಳುವ ರಾಷ್ಟ್ರೀಯ ಕಾನೂನು. ವೆಸ್ಟರ್ನ್ ಆಸ್ಟ್ರೇಲಿಯಾ ಮತ್ತು ನಾರ್ದರ್ನ್ ಟೆರಿಟರಿ ಮಾತ್ರ ಇದರಿಂದ ಹೊರಗೆ. ಒಬ್ಬರೇ ಓಡಿಸುವವರಿಗೆ ಸ್ಟ್ಯಾಂಡರ್ಡ್ ಅವರ್ಸ್, ಅಂದರೆ ಸಾಮಾನ್ಯ ಮಿತಿಯ ಲೆಕ್ಕ ಹೀಗಿದೆ. ಐದೂವರೆ ಗಂಟೆಯಲ್ಲಿ ಹೆಚ್ಚೆಂದರೆ ಐದೂಕಾಲು ಗಂಟೆ ಕೆಲಸ, 15 ನಿಮಿಷ ವಿಶ್ರಾಂತಿ. 8 ಗಂಟೆಯಲ್ಲಿ ಅರ್ಧ ಗಂಟೆ, 11 ಗಂಟೆಯಲ್ಲಿ ಒಂದು ಗಂಟೆ ವಿಶ್ರಾಂತಿ ಸಿಕ್ಕಿರಬೇಕು. 24 ಗಂಟೆಯಲ್ಲಿ 12 ಗಂಟೆ ಕೆಲಸ, ಜೊತೆಗೆ ಗಾಡಿ ನಿಲ್ಲಿಸಿ ಸತತ 7 ಗಂಟೆ ವಿಶ್ರಾಂತಿ. ವಾರಕ್ಕೆ 72 ಗಂಟೆ ಕೆಲಸ, ನಡುವೆ ಸತತ 24 ಗಂಟೆ ಬಿಡುವು.

ಇದನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಎಡವುವುದು ಆ 24 ಗಂಟೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದರಲ್ಲಿ. ಪೇಪರ್ ಡೈರಿಯ ಪುಟ ನಡುರಾತ್ರಿಯಿಂದ ನಡುರಾತ್ರಿಗೆ. ಕಾನೂನಿನ ಲೆಕ್ಕ ಹಾಗಲ್ಲ. ನಿಮ್ಮ ದೊಡ್ಡ ವಿಶ್ರಾಂತಿ ಮುಗಿದ ಗಳಿಗೆಯಿಂದ ಎಣಿಕೆ. ಮೊದಲ ತಿಂಗಳು ನನಗಿದು ಗೊತ್ತಿರಲಿಲ್ಲ. ಸಂಜೆ ಐದಕ್ಕೆ ಕೆಲಸ ಶುರು ಮಾಡಿದ್ದೆ. ಅರ್ಧ ದಾರಿಯ ಊರು ಟಾರ್ಕಟ್ಟಾದಲ್ಲಿ ನಡುರಾತ್ರಿ ದಾಟಿತು, ಹೊಸ ಪುಟ ತಿರುವಿದೆ, ಹೊಸದಾಗಿ 12 ಗಂಟೆ ಸಿಕ್ಕಿತು ಅಂದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಪಂಜಾಬಿ ಹಿರಿಯರೊಬ್ಬರು ನನ್ನ ಪುಟ ನೋಡಿ ಪೆನ್ನು ಕಿತ್ತುಕೊಂಡರು. "ಮಗನೇ, ಪುಟ ಬದಲಾಯಿತು, ನಿನ್ನ ಮೈ ಬದಲಾಯಿತಾ?" ಅಂತ ಹಿಂದಿಯಲ್ಲಿ ಕೇಳಿದರು. ನಂತರ ಅರ್ಧ ಗಂಟೆ ಕೂರಿಸಿ ಲೆಕ್ಕ ಹೇಳಿಕೊಟ್ಟರು. ಅವರಿಗೆ ನಾನು ಇವತ್ತಿಗೂ ಋಣಿ.

ಎಲೆಕ್ಟ್ರಾನಿಕ್ ವರ್ಕ್ ಡೈರಿ ಇಲ್ಲಿ ಬಳಕೆಗೆ ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಅದು ಕಡ್ಡಾಯವಲ್ಲ, ಪೇಪರ್ ಈಗಲೂ ನಡೆಯುತ್ತದೆ. ಆದರೆ ಸಿಕ್ಕ ಸಿಕ್ಕ ಆ್ಯಪ್ ಹಾಕಿಕೊಂಡರೆ ಆಗುವುದಿಲ್ಲ, ಎನ್‌ಎಚ್‌ವಿಆರ್ ಒಪ್ಪಿದ್ದೇ ಆಗಬೇಕು. ನಾನು 2022ರಲ್ಲಿ ಬದಲಾಯಿಸಿಕೊಂಡೆ. ಪೇಪರಿನಲ್ಲಿ ಎಲ್ಲವೂ 15 ನಿಮಿಷದ ಲೆಕ್ಕ. ಎರಡು ನಿಮಿಷ ಗಾಡಿ ಸರಿಸಿದರೂ 15 ನಿಮಿಷ ಕೆಲಸ. ಎಲೆಕ್ಟ್ರಾನಿಕ್ ಆದರೆ ನಿಮಿಷ ನಿಮಿಷದ ಲೆಕ್ಕ. ಲಾಗಿನ್ ಆಗಿ, ಗಾಡಿ ನಂಬರ್ ಹಾಕಿ, 'ವರ್ಕ್' ಒತ್ತಿ ಹೊರಡುವುದು. ನಿಲ್ಲಿಸಿದಾಗ 'ರೆಸ್ಟ್'. ದಿನದ ಕೊನೆಗೆ ಎಲ್ಲಾ ಸರಿಯಿದೆ ಅಂತ ಒಪ್ಪಿಗೆ ಕೊಡುವುದು. ದಾರಿಯಲ್ಲಿ ಅಧಿಕಾರಿ ನಿಲ್ಲಿಸಿದರೆ ಸ್ಕ್ರೀನ್ ತೋರಿಸಿದರೆ ಸಾಕು.

ನಿಮಿಷದ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ವಿಶ್ರಾಂತಿ 15 ನಿಮಿಷ ಅಂದರೆ ಸತತ 15 ನಿಮಿಷವೇ. ಶುರುವಿನ ವಾರ ಒಂದು ಕಡೆ ಬ್ರೇಕ್ ತೆಗೆದುಕೊಂಡಿದ್ದೆ. ಫೋರ್ಕ್‌ಲಿಫ್ಟಿನವನು ಬಂದು "ಸ್ವಲ್ಪ ಮುಂದಕ್ಕೆ ತಗೊಳ್ಳಿ" ಅಂದ. ಟೈಮರ್ 14 ತೋರಿಸುತ್ತಿತ್ತು. ಸುಮ್ನೆ ಎರಡು ಮೀಟರ್ ತಾನೇ ಅಂತ ಸರಿಸಿದೆ. ಆ ಬ್ರೇಕ್ ಪೂರ್ತಿ ಹೋಯಿತು, ಮತ್ತೆ ಮೊದಲಿನಿಂದ ನಿಲ್ಲಬೇಕಾಯಿತು. ಅಂದಿನಿಂದ 15 ಆದಾಗಲೂ ಹೊರಡುವುದಿಲ್ಲ, 17 ನೋಡಿ ಹೊರಡುತ್ತೇನೆ.

ಹುಡುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕಾದ ಇನ್ನೊಂದು ಮಾತು: ಸ್ಟೀರಿಂಗ್ ಹಿಡಿದದ್ದು ಮಾತ್ರ ಕೆಲಸವಲ್ಲ. ಲೋಡ್ ಮಾಡುವುದು, ಇಳಿಸುವುದು, ಬೆಲ್ಟ್ ಬಿಗಿಯುವುದು, ಟೈರು ನೋಡುವುದು, ಡೀಸೆಲ್ ಹಾಕಿಸುವುದು ಎಲ್ಲವೂ ಕೆಲಸ. ಎಂಜಿನ್ ಓಡುತ್ತಿರುವಾಗ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂತಿದ್ದರೂ ಕೆಲಸ. ಇದು ಗೋದಾಮಿನ ಕ್ಯೂನಲ್ಲಿ ಬಹಳ ಮುಖ್ಯವಾಗುತ್ತದೆ. ನನ್ನ ಲೆಕ್ಕ ನೋಡಿ. ಲೋಡಿಗೆ ಮುಕ್ಕಾಲು ಗಂಟೆ, ಸಿಡ್ನಿಗೆ ಹತ್ತೂಕಾಲು ಗಂಟೆ ದಾರಿ. ಅಲ್ಲಿಗೆ 11 ಗಂಟೆ ಆಯಿತು. ಇಳಿಸುವುದಕ್ಕೆ ಉಳಿಯುವುದು ಒಂದೇ ಗಂಟೆ. ಅಲ್ಲಿ ಎರಡು ಗಂಟೆ ಕ್ಯೂ ಇದ್ದರೆ? ಹತ್ತು ನಿಮಿಷಕ್ಕೊಮ್ಮೆ ಒಂದು ಗಾಡಿಯಷ್ಟು ಮುಂದಕ್ಕೆ ಸರಿಯಬೇಕು, ಅದು ವಿಶ್ರಾಂತಿ ಹೇಗಾಗುತ್ತದೆ?

ಪೇಪರ್ ಕಾಲದಲ್ಲಿ ಒಂದು ಕಂಪನಿಯಲ್ಲಿ ಇದನ್ನು 'ರೆಸ್ಟ್' ಅಂತ ಬರೆ ಅಂತ ನೇರವಾಗಿ ಹೇಳುತ್ತಿದ್ದರು. ಹೊಸಬ, ಸಾಲ ಬೇರೆ ಇತ್ತು, ಬರೆದೆ. ಈಗಲೂ ನೆನೆದರೆ ಸಂಕಟವಾಗುತ್ತದೆ. ಆ ಸುಳ್ಳು ವಿಶ್ರಾಂತಿ ಮುಗಿಸಿ ನಾನು ನಿಜವಾದ ರಸ್ತೆಗೆ ಇಳಿಯುತ್ತಿದ್ದೆ.

ಎಲೆಕ್ಟ್ರಾನಿಕ್ ಡೈರಿ ನನಗೆ ಕೊಟ್ಟ ದೊಡ್ಡ ಬಲ ಇದೇ. ಲೋಡು ಹಂಚುವವರನ್ನು ಇಲ್ಲಿ ಅಲೊಕೇಟರ್ ಅಂತಾರೆ. ಅವರು "ಇನ್ನೊಂದು ಡ್ರಾಪ್ ಮಾಡಿಬಿಡು" ಅಂದರೆ ಮೊದಲು ನಾನು ತಡವರಿಸುತ್ತಿದ್ದೆ. ಈಗ ಸ್ಕ್ರೀನ್ ನೋಡಿ ಓದಿ ಹೇಳುತ್ತೇನೆ: "ನನಗೆ ಉಳಿದಿರುವುದು 38 ನಿಮಿಷ." ಆಮೇಲೆ ವಾದ ಇರುವುದಿಲ್ಲ. ಆ ದಾಖಲೆ ಅವರಿಗೂ ಕಾಣುತ್ತದೆ. ಇಲ್ಲಿನ ಕಾನೂನಿನಲ್ಲಿ ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಅಂತ ಇದೆ. ಆಗದ ಟೈಮ್ ಕೊಟ್ಟು ಓಡಿಸಿದವರೂ ಹೊಣೆ ಹೊರಬೇಕು, ಡ್ರೈವರ್ ಒಬ್ಬನೇ ಅಲ್ಲ. ಒಮ್ಮೆ ಹೀಗೆ ಹೇಳಿದಾಗ ಅವರೇ ಹತ್ತಿರದ ಯಾರ್ಡಿನಿಂದ ಬೇರೆ ಡ್ರೈವರನ್ನು ಕಳಿಸಿ ಲೋಡು ಇಳಿಸಿಕೊಂಡರು.

ಆದರೆ ಮೆಷಿನ್‌ಗೆ ಕಾಣದ್ದು ಒಂದಿದೆ. ಅದನ್ನು ಕಲಿತ ರಾತ್ರಿಯ ಬಗ್ಗೆ ಹೇಳಲೇಬೇಕು.

ಮಗಳು ಆಗ ಮೂರು ತಿಂಗಳ ಕೂಸು. ಡೈರಿಯಲ್ಲಿ ನನ್ನ ವಿಶ್ರಾಂತಿ 10 ಗಂಟೆ. ನಿದ್ದೆ ಮಾಡಿದ್ದು ಹಗಲಿನಲ್ಲಿ ಮೂರು ಗಂಟೆ, ಅದೂ ತುಂಡು ತುಂಡು. ಲೋಡು ತಡವಾಗಿ ಸಿಕ್ಕು ಏಳೂವರೆಗೆ ಹೊರಟೆ. ಗುಂಡಗೈ ದಾಟಿ ಯಾಸ್ ಕಡೆ ಹೋಗುತ್ತಿದ್ದೆ, ಎರಡೂವರೆ ಇರಬೇಕು. ಡೈರಿ ಎಲ್ಲಾ ಸರಿ ಅನ್ನುತ್ತಿತ್ತು, ನಾಲ್ಕೂವರೆ ಗಂಟೆಗಿಂತ ಜಾಸ್ತಿ ಕೆಲಸ ಉಳಿದಿತ್ತು. ಇದ್ದಕ್ಕಿದ್ದಂತೆ ಎಡಗಡೆ ಚಕ್ರದ ಕೆಳಗೆ ಗರ್ರ್ ಅಂತ ಸದ್ದು. ರಸ್ತೆ ಅಂಚಿನ ಉಬ್ಬುಗೆರೆ. ಕಣ್ಣು ಮುಚ್ಚಿದ್ದು ನೆನಪೇ ಇಲ್ಲ. ಹಿಂದಿನ ಬೋರ್ಡ್ ಓದಿದ್ದೂ ನೆನಪಿಲ್ಲ. 100ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೇವೆ. ನನ್ನ ಗಾಡಿಯ ಉದ್ದ 26 ಮೀಟರ್.

ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು, 'ರೆಸ್ಟ್' ಬಟನ್ ಎರಡು ಸಲ ತಪ್ಪಿ ಒತ್ತಿದೆ. ಅಲೊಕೇಟರ್‌ಗೆ ಫೋನ್ ಮಾಡಿ "ನಾನು ಮಲಗುತ್ತೇನೆ" ಅಂದೆ. ಗಂಟೆ ಉಳಿದಿದ್ದರೂ ದಣಿದ ಸ್ಥಿತಿಯಲ್ಲಿ ಓಡಿಸಬಾರದು ಅನ್ನುವುದು ಇಲ್ಲಿ ಬೇರೆಯೇ ನಿಯಮ. 12 ಗಂಟೆ ಅನ್ನುವುದು ಮಿತಿ, ಅಷ್ಟೂ ಓಡಿಸು ಅಂತ ಯಾರೂ ಹೇಳಿಲ್ಲ. ಅಲ್ಲಿಯವರೆಗೂ ನಾನದನ್ನು ಟಾರ್ಗೆಟ್ ಅಂತಲೇ ತಿಳಿದಿದ್ದೆ.

ಈಗ ನನ್ನ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇದೆ. ಹೊರಡುವ ಮೊದಲು ಅದರಲ್ಲಿ ಒಂದೇ ಸಂಖ್ಯೆ ಬರೆಯುತ್ತೇನೆ, ಹಿಂದಿನ 24 ಗಂಟೆಯಲ್ಲಿ ಎಷ್ಟು ಗಂಟೆ ನಿದ್ದೆ. ಐದಕ್ಕಿಂತ ಕಡಿಮೆ ಇದ್ದರೆ ಲೋಡ್ ಆಗುವ ಮೊದಲೇ ಫೋನ್ ಮಾಡಿ ಹೇಳುತ್ತೇನೆ. ನಡುದಾರಿಯಲ್ಲಿ ಹೇಳುವುದಕ್ಕಿಂತ ಅದು ಎಲ್ಲರಿಗೂ ಸುಲಭ. ರಾತ್ರಿ ಎರಡರಿಂದ ಆರರವರೆಗೆ ಮೈ ತಾನಾಗೇ ಕುಸಿಯುತ್ತದೆ, ಎಷ್ಟೇ ವರ್ಷದ ಅನುಭವ ಇದ್ದರೂ. ಅದಕ್ಕೇ ನನ್ನ ಬ್ರೇಕುಗಳನ್ನು ಸಮವಾಗಿ ಹಂಚುವುದಿಲ್ಲ. ಮೊದಲ ಐದೂವರೆ ಗಂಟೆಯೊಳಗಿನ 15 ನಿಮಿಷ ಬಿಟ್ಟು, ಟಾರ್ಕಟ್ಟಾದಲ್ಲಿ 45 ನಿಮಿಷ ನಿಂತು ಕ್ಯಾಬಿನ್ನಿನ ಮಲಗುವ ಬಂಕಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತೇನೆ. ಮರುಲನ್ ಹತ್ತಿರ ಇನ್ನೊಮ್ಮೆ ನಿಲ್ಲುತ್ತೇನೆ. ಬ್ರಿಸ್ಬೇನ್ ಕಡೆ ಹೋಗುವವರು ಒಂದು ಗಮನಿಸಿ: ಬೇಸಿಗೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ. ಡೈರಿ ನಡೆಯುವುದು ನಿಮ್ಮ ಬೇಸ್‌ನ ಸಮಯದಲ್ಲೇ.

ಹೋದ ತಿಂಗಳು ಹಾಸನದ ಹುಡುಗನೊಬ್ಬ ಬೇರೆ ಗಾಡಿಯಲ್ಲಿ ನನ್ನ ಹಿಂದೆಯೇ ಬಂದ. ಟಾರ್ಕಟ್ಟಾದಲ್ಲಿ ಇಬ್ಬರೂ ನಿಲ್ಲಿಸಿದೆವು. ಅವನು ಸ್ಕ್ರೀನ್ ತೋರಿಸಿ, "ಅಣ್ಣಾ, ಇನ್ನೂ ಐದು ಗಂಟೆ ಇದೆ, ಸಿಡ್ನಿ ಆರಾಮಾಗಿ ಮುಟ್ಟಬಹುದು ಅಲ್ವಾ?" ಅಂದ. ಮಾತಾಡುವಾಗ ಕಣ್ಣು ಉಜ್ಜುತ್ತಲೇ ಇದ್ದ.

"ನಿದ್ದೆ ಎಷ್ಟು ಗಂಟೆ ಮಾಡಿದ್ದೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾಲ್ಕು ಆಗಿರಬಹುದು ಅಣ್ಣಾ. ಆದ್ರೆ ಅವರಿಗೆ ಹೇಗೆ ಹೇಳ್ಲಿ? ಸೇರಿ ಎರಡೇ ತಿಂಗಳು."

"ಈಗಲೇ ಮಾಡು ಫೋನ್. ನಾನು ಇಲ್ಲೇ ಇರ್ತೀನಿ."

ಮಾಡಿದ. ಆ ಕಡೆಯವರು ಮೊದಲು ಗೊಣಗಿದರು, ಆಮೇಲೆ ಲೋಡು ಇಳಿಸಲು ಮಧ್ಯಾಹ್ನದ ಸ್ಲಾಟ್ ಕೊಡಿಸುತ್ತೇವೆ ಅಂದರು. ಅವನು 'ರೆಸ್ಟ್' ಒತ್ತಿ ಬಂಕಿಗೆ ಹತ್ತಿ ಪರದೆ ಎಳೆದ. ನನ್ನ 45 ನಿಮಿಷ ಮುಗಿಯಲು ಇನ್ನೂ ಆರು ನಿಮಿಷ ಇತ್ತು. ಗಾಡಿ ಸುತ್ತ ಒಂದು ಸುತ್ತು ನಡೆದು, ಪೂರ್ತಿ ಆದಮೇಲೆ ಹೊರಟೆ.